ಅಡ್ಡ ಇಳಿಜಾರಿನ ಹೊಗೆ

ನಮ್ಮ ವರ್ಕ್‌ಶಾಪಿಗೆ ಹಿಮದ ಮೇಲೆ ಓಡುವ ಸ್ನೋಮೊಬೈಲ್ ತರುವವರು ಸಾಮಾನ್ಯವಾಗಿ ಮೊದಲು ಕೇಳುವುದು ಎಷ್ಟು ಹಾರ್ಸ್‌ಪವರ್ ಬರುತ್ತದೆ ಎಂದು. ನವೆಂಬರ್ ಮೊದಲ ವಾರ ಹಳೆಯ ಪಿಕಪ್ಪಿನ ಹಿಂದೆ ಟ್ರೈಲರ್ ಕಟ್ಟಿಕೊಂಡು ಬಂದ ಹೆಂಗಸು ಅದನ್ನು ಕೇಳಲೇ ಇಲ್ಲ. ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದರು. ಕಾಡಿನ ರಸ್ತೆಯೊಂದರ ಅರ್ಧ ಭಾಗ ಮಳೆಗೆ ಕೊಚ್ಚಿ ಕೆಳಗಿನ ಹೊಳೆಗೆ ಬಿದ್ದಿತ್ತು.

ಅವರಿಗೆ ಅರವತ್ತು ದಾಟಿತ್ತು. ಕ್ಯಾಸ್ಕೇಡ್ ಬೆಟ್ಟಗಳ ಮೇಲೆ, ಎರಡನೇ ನಂಬರಿನ ಹೈವೇಯಿಂದ ಒಳಗೆ ಎಂಟು ಮೈಲಿ ದೂರದಲ್ಲಿ, ಸ್ಕೀ ಮಾಡುತ್ತ ಬರುವವರು ತಂಗುವ ಒಂದು ಮರದ ಮನೆ ಇದೆ. ಅದನ್ನು ನೋಡಿಕೊಳ್ಳುವವರು ಅವರು. ಚಳಿಗಾಲ ಪೂರ್ತಿ ಅಡುಗೆ ಗ್ಯಾಸು, ದಿನಸಿ, ಹಾಸಿಗೆ ಎಲ್ಲವನ್ನೂ ಸ್ನೋಮೊಬೈಲಿನ ಹಿಂದೆ ಕಟ್ಟಿದ ಜಾರುಗಾಡಿಯಲ್ಲಿ ಎಳೆದುಕೊಂಡು ಹೋಗಬೇಕು. ಇಷ್ಟು ವರ್ಷ ರಸ್ತೆಯ ಮೇಲೇ ಹೋಗುತ್ತಿದ್ದರು. ಈ ಸಲ ರಸ್ತೆ ಕುಸಿದ ಕಡೆ ಮುನ್ನೂರು ಗಜದಷ್ಟು ದೂರ ಮೇಲಿನ ಬೋಳು ಇಳಿಜಾರಿಗೆ ಹತ್ತಿ, ಅಡ್ಡಡ್ಡ ದಾಟಿ, ಮತ್ತೆ ರಸ್ತೆಗೆ ಇಳಿಯಬೇಕಿತ್ತು. ಆ ಇಳಿಜಾರಿನ ನೆತ್ತಿಯಲ್ಲಿ ಗಾಳಿ ಹಿಮವನ್ನು ತಂದು ಪೇರಿಸುತ್ತದೆ. ಯಾವಾಗ ಜಾರುತ್ತದೆ ಎಂದು ಹೇಳಲು ಬರುವುದಿಲ್ಲ.

"ಅಲ್ಲಿ ನಾನು ನಿಲ್ಲಬಾರದು, ಅಷ್ಟೇ," ಎಂದರು. "ನಿಲ್ಲದ ಹಾಗೆ ಮಾಡಿಕೊಡಿ."

ಬೇರೆ ಗಾಡಿ ಕೊಳ್ಳಬಹುದಲ್ಲ ಎಂದು ವರ್ಕ್‌ಶಾಪಿನ ಯಜಮಾನರು ಕೇಳಿದರು. ಬೆಟ್ಟ ಹತ್ತುವವರು ಇಷ್ಟಪಡುವುದು ಹಗುರವಾದ ಟೂ-ಸ್ಟ್ರೋಕ್ ಗಾಡಿಗಳನ್ನು. ಈಕೆಯದು ಮೂರು ಸಿಲಿಂಡರಿನ ಫೋರ್-ಸ್ಟ್ರೋಕ್, ಎಮ್ಮೆಯಷ್ಟು ಭಾರ. ಆದರೆ ಅವರ ಬಲಭುಜಕ್ಕೆ ಎರಡು ಸಲ ಆಪರೇಷನ್ ಆಗಿತ್ತು. ಅಂಥ ಗಾಡಿಗಳ ಹಾಗೆ ಹಗ್ಗ ಎಳೆದು ಇಂಜಿನ್ ಶುರು ಮಾಡುವುದು ಆಗದು. ಗುಂಡಿ ಒತ್ತಿದರೆ ಎಂಥ ಚಳಿಯಲ್ಲೂ ಹೊತ್ತಿಕೊಳ್ಳುವ, ಕಡಿಮೆ ಪೆಟ್ರೋಲ್ ಕುಡಿಯುವ ಈ ಗಾಡಿಯೇ ಅವರಿಗೆ ಬೇಕಿತ್ತು. ತೊಂದರೆ ಒಂದೇ. ಐದು ಸಾವಿರ ಅಡಿ ಮೇಲೆ ಗಾಳಿ ತೆಳುವಾಗಿ ಇಂಜಿನ್ ತನ್ನ ಶಕ್ತಿಯಲ್ಲಿ ಒಂದು ಪಾಲನ್ನು ಕಳೆದುಕೊಳ್ಳುತ್ತದೆ. ಅದನ್ನು ತುಂಬಿಕೊಡಲು ಟರ್ಬೊ ಹಾಕಬೇಕು.

ನಮ್ಮ ವರ್ಕ್‌ಶಾಪ್ ಇರುವುದು ಮನ್ರೋ ಊರಿನ ಅಂಚಿನಲ್ಲಿ. ಯಜಮಾನರು ಮೊದಲು ಮರ ಸಾಗಿಸುವ ಲಾರಿಗಳ ಇಂಜಿನ್ ರಿಪೇರಿ ಮಾಡುತ್ತಿದ್ದವರು. ಕಬ್ಬಿಣದ ಕೆಲಸವೆಲ್ಲ ಅವರದು. ಇಂಜಿನ್ನಿನ ಕಂಪ್ಯೂಟರಿಗೆ ಯಾವ ವೇಗದಲ್ಲಿ ಎಷ್ಟು ಪೆಟ್ರೋಲ್ ಕೊಡಬೇಕು, ಕಿಡಿ ಯಾವಾಗ ಹಾರಬೇಕು ಎಂದು ಹೇಳಿಕೊಡುವುದು ನನ್ನ ಕೆಲಸ. ಕ್ಯಾನ್ಯನ್ ಪಾರ್ಕಿನ ಆಫೀಸೊಂದರಲ್ಲಿ ಪರದೆಯ ಮೇಲೆ ಮಾತ್ರ ಇಂಜಿನ್ ನೋಡುತ್ತಿದ್ದ ನನ್ನನ್ನು ಎರಡು ವರ್ಷದ ಹಿಂದೆ ಕೆಲಸಕ್ಕೆ ತೆಗೆದುಕೊಂಡವರು ಅವರು. ಹುಬ್ಬಳ್ಳಿಯಿಂದ ಬಂದವಳಿಗೆ ಹಿಮದ ಗಾಡಿ ಏನು ಗೊತ್ತು ಎಂದು ಅವರು ಒಂದು ಸಲವೂ ಕೇಳಲಿಲ್ಲ.

ನವೆಂಬರ್ ಪೂರ್ತಿ ಆ ಗಾಡಿಯ ಮೇಲೆ ಕೆಲಸ ಮಾಡಿದೆವು. ಇಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ ಟರ್ಬೊದ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಕೂಡಿಸಿದ ಇನ್ನೊಂದು ಚಕ್ರ ಗಾಳಿಯನ್ನು ಒತ್ತಿ ಇಂಜಿನ್ನಿನೊಳಗೆ ತುಂಬುತ್ತದೆ. ಒತ್ತಿದ ಗಾಳಿ ಕಾಯುತ್ತದೆ. ಅದನ್ನು ಆರಿಸಲು ಮುಂದೆ ಒಂದು ರೇಡಿಯೇಟರಿನಂಥ ಇಂಟರ್‌ಕೂಲರ್ ಬೇಕು. ಹೆಚ್ಚಿನ ಗಾಳಿಗೆ ಹೆಚ್ಚಿನ ಪೆಟ್ರೋಲ್, ಅದಕ್ಕೆ ದೊಡ್ಡ ಇಂಜೆಕ್ಟರ್, ದೊಡ್ಡ ಪಂಪ್. ಜಾಗ ಇದ್ದದ್ದು ಬಲಗಡೆ ಕೆಳಗೆ ಮಾತ್ರ. ಯಜಮಾನರು ರಟ್ಟು ಕತ್ತರಿಸಿ ಅಳತೆ ನೋಡಿ, ಕೊಳವೆಗಳನ್ನು ತಾವೇ ವೆಲ್ಡ್ ಮಾಡಿ ಟರ್ಬೊವನ್ನು ಅಲ್ಲಿ ಕೂರಿಸಿದರು. ಅದರ ಬೇರಿಂಗಿಗೆ ಇಂಜಿನ್ನಿನಿಂದ ಎಣ್ಣೆ ಹೋಗುವ ಸಣ್ಣ ಕೊಳವೆ, ಎಣ್ಣೆ ತಾನಾಗಿ ಹರಿದು ಎಡಗಡೆಯ ತೂತಿನಿಂದ ಇಂಜಿನ್ನಿಗೆ ವಾಪಸ್ಸಾಗುವ ದಪ್ಪ ಕೊಳವೆ. ಈ ಎರಡನೆಯ ಕೊಳವೆಯ ಬಗ್ಗೆ ನಾನು ಆಗ ಒಂದು ನಿಮಿಷವೂ ಯೋಚಿಸಲಿಲ್ಲ.

ಡಿಸೆಂಬರಿನಲ್ಲಿ ಮೊದಲ ಸಲ ಹಿಮದ ಮೇಲೆ ಓಡಿಸಿದಾಗ ನಾಲ್ಕನೇ ಮೈಲಿಗೆ ಡ್ರೈವ್ ಬೆಲ್ಟ್ ಸುಟ್ಟು ರಬ್ಬರ್ ವಾಸನೆ ಬಂತು. ಇಂಜಿನ್ನಿನ ಹೊಸ ಶಕ್ತಿಗೆ ಹಳೆಯ ಕ್ಲಚ್ ಹಿಡಿತ ಸಾಲದೆ ಬೆಲ್ಟ್ ಜಾರುತ್ತಿತ್ತು. ಕ್ಲಚ್ಚಿನೊಳಗಿನ ತೂಕಗಳನ್ನು ಮೂರು ಸಲ ಬದಲಿಸಿ, ಗೇರನ್ನು ಒಂದು ಹಂತ ತಗ್ಗಿಸಿದ ಮೇಲೆ ಅದು ಸರಿಹೋಯಿತು. ಪುಡಿ ಹಿಮ ಗಾಳಿಯ ಬಾಯಿಗೆ ತುಂಬಿಕೊಳ್ಳುತ್ತಿತ್ತು. ಅದಕ್ಕೆ ಜಾಲರಿ ಹೊಲಿದೆವು. ನಾನು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು, ಬೆರಳು ಮರಗಟ್ಟುವ ತನಕ, ಹಿಮದ ದಾರಿ ಶುರುವಾಗುವ ಸ್ನೋ-ಪಾರ್ಕಿನ ಪಾರ್ಕಿಂಗ್ ಜಾಗದಲ್ಲಿ ಕೂತು ಲೆಕ್ಕ ತಿದ್ದಿದೆ. ಕೊನೆಗೆ ಟರ್ಬೊ ಒತ್ತಡ ಹನ್ನೆರಡು ಪೌಂಡಿಗೆ ನಿಂತಿತು. ಆ ಇಂಜಿನ್ನಿಗೆ ಅದು ಜಾಸ್ತಿಯೇ. ಅದಕ್ಕೇ ಒಂದು ಕಾವಲನ್ನೂ ಬರೆದಿದ್ದೆ: ಸಿಲಿಂಡರಿನಲ್ಲಿ ಪೆಟ್ರೋಲ್ ಹೊತ್ತು ತಪ್ಪಿ ಉರಿದು ಬಡಿತ ಶುರುವಾದರೆ ಕಂಪ್ಯೂಟರ್ ಆ ಕ್ಷಣವೇ ಒತ್ತಡ ಇಳಿಸಿ ಇಂಜಿನ್ ಉಳಿಸಬೇಕು. ಆ ಗ್ರಾಫ್ ನೋಡಿ ನನಗೆ ಎಷ್ಟು ಹೆಮ್ಮೆ ಎಂದರೆ, ಬೆಲ್ವ್ಯೂದಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವ ನನ್ನ ಗಂಡನಿಗೆ ಊಟದ ನಡುವೆ ಫೋನಿನಲ್ಲಿ ಅದನ್ನೇ ತೋರಿಸಿದ್ದೆ.

ಗಾಡಿ ತೆಗೆದುಕೊಂಡು ಹೋದ ಹೆಂಗಸು ಜನವರಿ ಮೊದಲ ವಾರ ಫೋನ್ ಮಾಡಿದರು. ಗಾಡಿ ಚೆನ್ನಾಗಿ ಎಳೆಯುತ್ತದೆ, ಆದರೆ ಇಳಿಜಾರು ದಾಟುವಾಗ ಹಿಂದೆ ನೀಲಿ ಹೊಗೆ ಕಾಣುತ್ತದೆ ಎಂದರು. ಹೋಗುವಾಗ ಮಾತ್ರ, ಬರುವಾಗ ಇಲ್ಲ. ನೀಲಿ ಹೊಗೆ ಎಂದರೆ ಎಣ್ಣೆ ಉರಿಯುತ್ತಿದೆ ಎಂದು ಅರ್ಥ. ಹೋಗುವಾಗ ಹಿಂದೆ ಪೂರ್ತಿ ಸಾಮಾನು ಇರುತ್ತದೆ, ಬರುವಾಗ ಖಾಲಿ. ಭಾರ ಬಿದ್ದಾಗ ಟರ್ಬೊದ ಸೀಲ್ ಸೋರುತ್ತಿದೆ ಎಂದು ನಾನು ತಕ್ಷಣ ಹೇಳಿಬಿಟ್ಟೆ. ಯಜಮಾನರು ಗಡ್ಡ ಕೆರೆದುಕೊಂಡು, ಒಮ್ಮೆ ಅಲ್ಲಿಗೇ ಹೋಗಿ ನೋಡೋಣವೇ ಎಂದು ಕೇಳಿದರು. ಬೇಡ, ನನಗೆ ಖಾತ್ರಿ ಇದೆ ಎಂದೆ. ಗಾಡಿ ತರಿಸಿ, ಟರ್ಬೊ ಬಿಚ್ಚಿ ಹೊಸದು ಹಾಕಿದೆವು. ಹಳೆಯದನ್ನು ಪರೀಕ್ಷೆಗೆ ಕಳಿಸಿದೆವು. ಗಾಡಿಯನ್ನು ನಿಂತಲ್ಲೇ ಓಡಿಸಿ ನೋಡುವ ವರ್ಕ್‌ಶಾಪಿನ ರೋಲರ್ ಮೇಲೆ ಪೂರ್ತಿ ಭಾರ ಹಾಕಿ ಅರ್ಧ ಗಂಟೆ ಓಡಿಸಿದಾಗ ಒಂದು ಎಳೆ ಹೊಗೆಯೂ ಇರಲಿಲ್ಲ. ಗಾಡಿ ವಾಪಸ್ ಕೊಟ್ಟೆವು.

ಒಂದು ವಾರದ ಮೇಲೆ ಅವರು ಮತ್ತೆ ಟ್ರೈಲರ್ ಕಟ್ಟಿಕೊಂಡು ಬಂದರು. ಫೋನ್ ಮಾಡಿರಲಿಲ್ಲ. ಕೌಂಟರಿನ ಮುಂದಿನ ಸ್ಟೂಲಿನ ಮೇಲೆ ಕೂತು, ಯಜಮಾನರು ಕೊಟ್ಟ ಕಾಫಿ ಕುಡಿಯುತ್ತ, ಏನಾಯಿತು ಎಂದು ಒಂದೊಂದಾಗಿ ಹೇಳಿದರು. ಹನ್ನೆರಡು ಜನಕ್ಕೆ ಆಗುವಷ್ಟು ದಿನಸಿ, ಎರಡು ಗ್ಯಾಸ್ ಸಿಲಿಂಡರ್ ಹೇರಿಕೊಂಡು ಹೋಗುತ್ತಿದ್ದರು. ಇಳಿಜಾರಿನ ನಟ್ಟನಡುವೆ ಹೊಗೆ ಬಂತು. ಆಮೇಲೆ ಯಾರೋ ಹಿಂದಿನಿಂದ ತಳ್ಳುತ್ತಿದ್ದ ಕೈ ತೆಗೆದ ಹಾಗೆ ಶಕ್ತಿ ಹೋಯಿತು. ಆಕ್ಸಲರೇಟರ್ ಒತ್ತಿದರೂ ಏಳಲಿಲ್ಲ. ಗಾಡಿ ನಿಂತು, ಒಂದು ಅಡಿಯಷ್ಟು ಕಣಿವೆಯ ಕಡೆ ಜಾರಿತು. ಅವರು ಅಲುಗಾಡದೆ ಹತ್ತು ನಿಮಿಷ ಅಲ್ಲೇ ಕೂತರು. ಮತ್ತೆ ಶುರು ಮಾಡಿ, ತೆವಳಿಕೊಂಡು ದಾಟಿದರು.

"ಮೂರು ದಿನ ಬಿಟ್ಟು ಕೆಳಗಿಳಿಯೋಕೆ ಬಂದೆ," ಎಂದರು. "ನಾನು ಕೂತಿದ್ದ ಜಾಗ ಇರಲಿಲ್ಲ. ಮೇಲಿನ ಹಿಮ ಪೂರ್ತಿ ಅದರ ಮೇಲೆ ಬಂದು ಬಿದ್ದಿತ್ತು."

ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾಗಿದ್ದನ್ನು ಇಳಿಸಿಕೊಂಡು ನೋಡಿದೆ. ಎಣ್ಣೆ ಗಾಳಿಯ ಜೊತೆ ಸಿಲಿಂಡರಿಗೆ ಹೋಗಿ ಬಡಿತ ಹುಟ್ಟಿಸಿತ್ತು. ಬಡಿತ ಕಂಡ ಕೂಡಲೇ ಕಂಪ್ಯೂಟರ್ ಒತ್ತಡವನ್ನು ಹನ್ನೆರಡರಿಂದ ಸೊನ್ನೆಗೆ ಇಳಿಸಿತ್ತು. ನಾನು ಬರೆದದ್ದನ್ನು ಅಕ್ಷರ ತಪ್ಪದೆ ಪಾಲಿಸಿತ್ತು. ಇಂಜಿನ್ನಿಗೆ ಒಂದು ಗೀರೂ ಆಗಿರಲಿಲ್ಲ. ಆ ಗಾಡಿಯ ಮೇಲೆ ಒಬ್ಬರು ಕೂತಿರುತ್ತಾರೆ ಎಂಬುದು ಮಾತ್ರ ನನ್ನ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ. ಅದೇ ಮಧ್ಯಾಹ್ನ ಹಳೆಯ ಟರ್ಬೊದ ವರದಿಯೂ ಬಂತು: ಸೀಲ್ ಸರಿಯಾಗಿದೆ, ದೋಷವೇನೂ ಇಲ್ಲ.

ನಾನು ಯಜಮಾನರ ಹತ್ತಿರ ಹೋಗಿ, ತಪ್ಪು ನನ್ನದು, ಈ ಕೆಲಸವನ್ನು ನೀವು ಬೇರೆ ಯಾರಿಗಾದರೂ ಒಪ್ಪಿಸಿ ಎಂದೆ. ಅವರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಡಲಿಲ್ಲ. ಹೋಗಿ ನೋಡೋಣ ಎಂದು ಹೇಳಿ ಆಮೇಲೆ ಸುಮ್ಮನಾದವನು ನಾನೂ ಹೌದಲ್ಲ ಎಂದರು. ಕೌಂಟರಿನ ಹತ್ತಿರ ಕೂತಿದ್ದ ಹೆಂಗಸಿನ ಬಳಿ ಹೋಗಿ, "ನಾವು ತಪ್ಪು ಮಾಡಿದ್ದೀವಿ. ಯಾಕೆ ಅಂತ ಇನ್ನೂ ಗೊತ್ತಾಗಿಲ್ಲ. ಗೊತ್ತಾಗೋ ತನಕ ನನ್ನ ಗಾಡಿ ತಗೊಂಡು ಹೋಗಿ, ಸಾಮಾನು ಕಡಿಮೆ ಹೇರಿ," ಎಂದರು. ನಾನು ಹೇಳಿದ ‘ನನ್ನದು’ ಎಂಬುದನ್ನು ತಾವು ‘ನಾವು’ ಎಂದು ಬದಲಿಸಿದ್ದು ಯಜಮಾನರಿಗೆ ಬಹುಶಃ ಗೊತ್ತೇ ಆಗಲಿಲ್ಲ. ನನಗೆ ಅದು ಇವತ್ತಿಗೂ ನೆನಪಿದೆ.

ಆ ಸಂಜೆ ಮನೆಯಲ್ಲಿ ಊಟ ಸೇರಲಿಲ್ಲ. ಗಂಡ ಏನಾಯಿತು ಎಂದು ಕೇಳಿದ. ಎಲ್ಲ ಹೇಳಿದೆ. ರೋಲರ್ ಮೇಲೂ ಅಷ್ಟೇ ಭಾರ ಹಾಕಿದ್ದೆವು, ಅಷ್ಟೇ ವೇಗ, ಆದರೂ ಹೊಗೆ ಬರಲಿಲ್ಲ ಎಂದೆ. ಅವನಿಗೆ ಇಂಜಿನ್ ಬಗ್ಗೆ ಏನೂ ಗೊತ್ತಿಲ್ಲ. ರೊಟ್ಟಿ ಮುರಿಯುತ್ತ ಕೇಳಿದ.

"ಅಲ್ಲ, ನೀವು ಟೆಸ್ಟ್ ಮಾಡೂಮುಂದ ಗಾಡಿ ಸಪಾಟ ನಿಂತಿರ್ತದಲ್ಲ?"

"ಹೂಂ."

"ಆಕಿ ಓಡಸೂಮುಂದ ವಾಲಿರ್ತದ. ಹೋಗೂಮುಂದ ಒಂದ್ ಕಡೆ ವಾಲ್ತದ, ಬರೂಮುಂದ ಇನ್ನೊಂದ್ ಕಡೆ. ನೀ ಬರೇ ಭಾರದ ಬಗ್ಗೆ ಯಾಕ ವಿಚಾರ ಮಾಡ್ಲಿಕತ್ತೀ?"

ನಾನು ತಟ್ಟೆ ಪಕ್ಕಕ್ಕೆ ಸರಿಸಿ, ಕಾಗದದ ಮೇಲೆ ಗಾಡಿಯ ಮುಂಭಾಗ ಬಿಡಿಸಿದೆ. ಹೋಗುವಾಗ ಬೆಟ್ಟ ಎಡಗಡೆ, ಕಣಿವೆ ಬಲಗಡೆ. ಗಾಳಿಗೆ ಗಟ್ಟಿಯಾದ ಹಿಮದ ಮೇಲೆ ಗಾಡಿ ಬಲಕ್ಕೆ ವಾಲುತ್ತದೆ. ಟರ್ಬೊ ಇರುವುದು ಬಲಕ್ಕೆ, ಎಣ್ಣೆ ವಾಪಸ್ ಹೋಗುವ ತೂತು ಎಡಕ್ಕೆ. ಕಾಗದವನ್ನು ಬಲಕ್ಕೆ ಓರೆ ಮಾಡಿದೆ. ಎಣ್ಣೆ ಮೇಲಕ್ಕೆ ಹರಿಯಬೇಕಿತ್ತು. ಹರಿಯುವುದು ಹೇಗೆ? ಅದು ಟರ್ಬೊದೊಳಗೇ ತುಂಬಿ, ಒಳ್ಳೆಯ ಸೀಲನ್ನೂ ದಾಟಿ ಹೊರಬರುತ್ತಿತ್ತು. ಹೊಸ ಟರ್ಬೊ ಹಾಕಿದರೂ ಅದೇ, ಹತ್ತು ಹಾಕಿದರೂ ಅದೇ.

ಮಾರನೆಯ ಬೆಳಿಗ್ಗೆ ಯಜಮಾನರಿಗೆ ಆ ಕಾಗದ ತೋರಿಸಿದೆ. ಅವರು ಅದನ್ನು ನೋಡಿ, ಭಾರ ಎತ್ತಲು ತೊಲೆಗೆ ಕಟ್ಟಿದ್ದ ಚೈನ್ ಬ್ಲಾಕ್ ಇಳಿಸಿದರು. ಗಾಡಿಯ ಎಡಭಾಗವನ್ನು ಮೇಲೆತ್ತಿ, ಕೆಳಗೆ ಮರದ ದಿಮ್ಮಿ ಕೊಟ್ಟು, ಪಟ್ಟಿಗಳಿಂದ ಬಿಗಿದೆವು. ಡ್ರೈವ್ ಬೆಲ್ಟ್ ತೆಗೆದೆವು, ಇಂಜಿನ್ನಿನ ಮೇಲೆ ಭಾರವೇ ಇರಬಾರದು ಎಂದು. ವಾಪಸ್ ಕೊಳವೆಯ ಜಾಗದಲ್ಲಿ ಸ್ವಲ್ಪ ಹೊತ್ತಿಗೆಂದು ಪಾರದರ್ಶಕ ಪ್ಲಾಸ್ಟಿಕ್ ಕೊಳವೆ ಹಾಕಿ ಇಂಜಿನ್ ಶುರು ಮಾಡಿದೆವು. ಮೊದಲು ಎಣ್ಣೆ ಸಣ್ಣಗೆ ಕಂಡಿತು. ನೋಡುತ್ತ ನೋಡುತ್ತ ಕೊಳವೆ ತುಂಬಿ, ಎಣ್ಣೆ ಕದಲದೆ ನಿಂತಿತು. ನಾಲ್ಕನೇ ನಿಮಿಷಕ್ಕೆ ಸೈಲೆನ್ಸರಿನಿಂದ ನೀಲಿ ಹೊಗೆ ಎದ್ದು ಶೆಡ್ಡಿನ ತುಂಬ ಹರಡಿತು. ಕಣ್ಣು ಉರಿಯುತ್ತಿತ್ತು. ಅಷ್ಟು ಸಂತೋಷದಿಂದ ನಾನು ಯಾವ ಹೊಗೆಯನ್ನೂ ಕುಡಿದಿಲ್ಲ. ಯಜಮಾನರು ಬಾಗಿಲು ತೆರೆಯುತ್ತ, ನಿನ್ನ ಗಂಡನಿಗೆ ಇಲ್ಲಿ ಕೆಲಸ ಬೇಕಾದರೆ ಹೇಳು ಎಂದರು.

ಪರಿಹಾರ ದೊಡ್ಡದೇನಲ್ಲ. ಟರ್ಬೊದ ಕೆಳಗೆ ಒಂದು ಸಣ್ಣ ಡಬ್ಬಿ, ಅದರಲ್ಲಿ ಬಿದ್ದ ಎಣ್ಣೆಯನ್ನು ಎತ್ತಿ ಇಂಜಿನ್ನಿಗೆ ತಳ್ಳಲು ಒಂದು ವಿದ್ಯುತ್ ಪಂಪ್. ಪಂಪ್ ಕೆಟ್ಟರೆ ಹ್ಯಾಂಡಲಿನ ಹತ್ತಿರ ಕೆಂಪು ದೀಪ ಹತ್ತಬೇಕು. ಎರಡು ದಿನದಲ್ಲಿ ಮುಗಿಯಿತು. ಎಡಕ್ಕೆ, ಬಲಕ್ಕೆ, ಮೂಗು ಮೇಲಕ್ಕೆ, ಹೀಗೆ ಎಲ್ಲ ಕಡೆಗೂ ಓರೆ ಮಾಡಿ ಓಡಿಸಿ ನೋಡಿದೆವು. ಹೊಗೆ ಇಲ್ಲ.

ಯಜಮಾನರ ಪ್ರಕಾರ ಕೆಲಸ ಅಲ್ಲಿಗೆ ಮುಗಿದಿತ್ತು. ನನಗೆ ಹಾಗೆ ಅನ್ನಿಸಲಿಲ್ಲ. ಎಣ್ಣೆಯಿಂದ ಅಲ್ಲದಿದ್ದರೆ ಕೆಟ್ಟ ಪೆಟ್ರೋಲಿನಿಂದ, ಇಲ್ಲವೇ ಇಂಟರ್‌ಕೂಲರಿಗೆ ಹಿಮ ಮೆತ್ತಿ ಗಾಳಿ ಕಾದಿದ್ದರಿಂದ ಬಡಿತ ಮತ್ತೆ ಬರಬಹುದು. ಬಂದರೆ ಕಾವಲು ಮತ್ತೆ ಹಾಗೆಯೇ ಒತ್ತಡ ಕೀಳುತ್ತದೆ. ಅವರು ಮತ್ತೆ ಅದೇ ಜಾಗದಲ್ಲಿ ನಿಲ್ಲುತ್ತಾರೆ. ಕಾವಲು ತೆಗೆದರೆ ಇಂಜಿನ್ನೇ ಒಡೆಯುತ್ತದೆ, ಆಗಲೂ ನಿಲ್ಲುತ್ತಾರೆ. ಎರಡು ದಿನ ಆ ಅಂಕಿಗಳ ಮುಂದೆ ಕೂತ ಮೇಲೆ, ಉಳಿದಿರುವುದು ಒಂದೇ ದಾರಿ ಎಂದು ಗೊತ್ತಾಯಿತು. ಬಡಿತದ ಹತ್ತಿರಕ್ಕೇ ಇಂಜಿನ್ ಹೋಗಬಾರದು. ಒತ್ತಡ ಹನ್ನೆರಡಲ್ಲ, ಆರು ಸಾಕು. ಬೆಟ್ಟ ಕಿತ್ತುಕೊಂಡದ್ದನ್ನು ತುಂಬಿಕೊಟ್ಟು ಅದರ ಮೇಲೆ ಇನ್ನಷ್ಟು ಸಿಗುತ್ತದೆ. ಕಾವಲು ಇರಲಿ, ಆದರೆ ಒಮ್ಮೆಲೇ ಸೊನ್ನೆಗೆ ಇಳಿಯದೆ ಹಂತಹಂತವಾಗಿ ಇಳಿಯಲಿ, ದಾಟುವಷ್ಟು ಶಕ್ತಿ ಕೊನೆಯ ತನಕ ಉಳಿಯಲಿ.

ಇದನ್ನು ಹೇಳುವುದು ಸುಲಭವಿರಲಿಲ್ಲ. ಯಜಮಾನರು ತಿಂಗಳಿಡೀ ವೆಲ್ಡ್ ಮಾಡಿ ಕೂರಿಸಿದ ಯಂತ್ರದ ಅರ್ಧ ಬಲವನ್ನು ನಾನೇ ಕಿತ್ತು ಹಾಕುತ್ತೇನೆ ಎಂದು ಅವರಿಗೆ ಹೇಳಬೇಕಿತ್ತು. ಅವರು ಕೇಳಿಸಿಕೊಂಡು, ಗಾಡಿ ಓಡಿಸುವವರು ಆಕೆ, ಆಕೆಯನ್ನೇ ಕೇಳು ಎಂದರು. ಕರೆಸಿದೆವು. ನಾನು ಎರಡು ಗ್ರಾಫ್‌ಗಳನ್ನೂ ಮುಂದಿಟ್ಟು, ಎತ್ತರದ್ದು ಯಾಕೆ ಅಪಾಯ, ತಗ್ಗಿನದ್ದು ಯಾಕೆ ಬೇಕು ಎಂದು ವಿವರಿಸಿದೆ. ಮೊದಲ ಸಲ ಬರೆಯುವಾಗ ಇಂಜಿನ್ ಬಗ್ಗೆ ಮಾತ್ರ ಯೋಚಿಸಿದ್ದೆ, ನಿಮ್ಮ ಬಗ್ಗೆ ಯೋಚಿಸಿರಲಿಲ್ಲ, ಕ್ಷಮಿಸಿ ಎಂದೂ ಹೇಳಿದೆ.

ಅವರು ಗ್ರಾಫ್ ನೋಡಲೇ ಇಲ್ಲ. "ನಂಗೆ ರೇಸ್ ಬೇಡ," ಎಂದರು. "ಅರ್ಧ ದಾರೀಲಿ ಅದು ಮನಸ್ಸು ಬದಲಾಯಿಸಬಾರದು. ನೀನು ನನ್ನ ಜೊತೆ ಬರ್ತೀಯಾ? ಇಬ್ಬರೂ ಒಂದ್ಸಲ ದಾಟಿ ನೋಡೋಣ."

ಫೆಬ್ರವರಿ ಎರಡನೇ ವಾರ ಹೋದೆ. ಹಿಮ ಜಾರುವ ಮುನ್ಸೂಚನೆ ಕಡಿಮೆ ಇದ್ದ ದಿನವನ್ನು ಅವರೇ ಆರಿಸಿದ್ದರು. ಹಿಮದಡಿ ಸಿಕ್ಕಿಕೊಂಡವರನ್ನು ಹುಡುಕಲು ಸಂಕೇತ ಕಳಿಸುವ ಬೀಕನ್ ಕಟ್ಟಿಕೊಳ್ಳುವುದು, ಸಲಿಕೆ ಬೆನ್ನಿಗೆ ಹಾಕಿಕೊಳ್ಳುವುದು, ಒಬ್ಬರು ದಾಟುವ ತನಕ ಇನ್ನೊಬ್ಬರು ಕಾಯುವುದು ಎಲ್ಲವನ್ನೂ ಪಾರ್ಕಿಂಗ್ ಜಾಗದಲ್ಲೇ ಕಲಿಸಿದರು. ನಾನು ಯಜಮಾನರ ಗಾಡಿ ಓಡಿಸಿಕೊಂಡು ಅವರ ಹಿಂದೆ ಹೋದೆ. ರಸ್ತೆ ಕುಸಿದ ಜಾಗಕ್ಕೆ ಬಂದಾಗ ಫೋಟೋದಲ್ಲಿ ಕಂಡದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎನ್ನಿಸಿತು. ಇಳಿಜಾರು ಅಷ್ಟು ಕಡಿದಾಗಿತ್ತು. ಕೆಳಗೆ ಹೊಳೆಯ ಸದ್ದು ಮಾತ್ರ ಕೇಳಿಸುತ್ತಿತ್ತು. ಜನವರಿಯಲ್ಲಿ ಯಜಮಾನರು ಹೋಗಿ ನೋಡೋಣ ಎಂದಾಗ ಬಂದಿದ್ದರೆ, ಗಾಡಿ ವಾಲುವುದನ್ನು ಕಂಡ ಹತ್ತು ನಿಮಿಷದಲ್ಲಿ ಎಲ್ಲ ತಿಳಿಯುತ್ತಿತ್ತು.

ಅವರು ಪೂರ್ತಿ ಸಾಮಾನು ಎಳೆದುಕೊಂಡು ಹೊರಟರು. ಗಾಡಿ ಕಣಿವೆಯ ಕಡೆ ವಾಲಿತು. ಅವರು ಎದ್ದುನಿಂತು, ಮೈಯನ್ನು ಬೆಟ್ಟದ ಕಡೆ ಚಾಚಿ, ಒಂದೇ ಸಮನೆ ಹೋದರು. ಇಂಜಿನ್ನಿನ ದನಿ ಏರಲಿಲ್ಲ, ಇಳಿಯಲಿಲ್ಲ. ನಾನು ಅವರನ್ನು ನೋಡುತ್ತಿರಲಿಲ್ಲ, ಸೈಲೆನ್ಸರನ್ನೇ ನೋಡುತ್ತಿದ್ದೆ. ಬಿಳಿಯ ಹಬೆ ಬಿಟ್ಟರೆ ಬೇರೇನೂ ಇರಲಿಲ್ಲ. ಆ ಕಡೆ ಮುಟ್ಟಿ ಅವರು ಕೈ ಎತ್ತಿದಾಗ, ನಾನೂ ಗಾಡಿ ಶುರು ಮಾಡಿ ಅವರ ಜಾಡಿನಲ್ಲೇ ದಾಟಿದೆ.

ತಂಗುಮನೆಯಲ್ಲಿ ಅವರು ಬೇಳೆ ಸೂಪ್ ಬಿಸಿ ಮಾಡಿ ಕೊಟ್ಟರು. ಒಲೆಯ ಮುಂದೆ ಕೂತು ನಾನು ಥ್ಯಾಂಕ್ಸ್ ಹೇಳಿದೆ. ಯಾತಕ್ಕೆ ಎಂದು ಕೇಳಿದರು. ಅಷ್ಟೆಲ್ಲ ಆದ ಮೇಲೂ ಗಾಡಿಯನ್ನು ನಮ್ಮ ಹತ್ತಿರವೇ ಬಿಟ್ಟಿರಲ್ಲ, ಅದಕ್ಕೆ ಎಂದೆ. ಅದಕ್ಕೆ ಅವರು, ತಪ್ಪಾಯಿತು ಅಂದವರ ಹತ್ತಿರ ಬಿಡದೆ ಇನ್ಯಾರ ಹತ್ತಿರ ಬಿಡಲಿ ಎಂದು ಹೇಳಿ ಇನ್ನೊಂದು ಸೌಟು ಬಡಿಸಿದರು.

ಮಾರ್ಚ್ ಕೊನೆಗೆ ಒಂದು ಮಧ್ಯಾಹ್ನ ಅವರ ಫೋನ್ ಬಂತು. ನೀನು ಹೇಳಿದ್ದೆಯಲ್ಲ, ಎಣ್ಣೆ ನೋಡಿದೆ, ಮಟ್ಟ ಇಳಿದಿಲ್ಲ ಎಂದರು. ಕೆಂಪು ದೀಪ ಒಂದು ಸಲವೂ ಹತ್ತಿಲ್ಲ, ಬೆಲ್ಟ್ ಇನ್ನೂ ಅದೇ ಇದೆ ಎಂದರು. ನಾನು ಎಲ್ಲ ಬರೆದುಕೊಂಡೆ. ಫೋನ್ ಇಡುವ ಮುಂಚೆ, ಮರೆತಿದ್ದನ್ನು ನೆನಪಿಸಿಕೊಂಡವರ ಹಾಗೆ, ನಿನ್ನೆ ಒಬ್ಬ ಹುಡುಗಿಯ ಕಾಲು ಮುರಿದಿತ್ತು ಎಂದರು. ಸ್ಕೀ ಮಾಡುವಾಗ ಮರಕ್ಕೆ ಬಡಿದುಕೊಂಡಿದ್ದಳಂತೆ. ಗಾಳಿ ಜೋರಾಗಿ ಹೆಲಿಕಾಪ್ಟರ್ ಬರಲಾಗಲಿಲ್ಲ. ಅತಿಥಿಗಳಲ್ಲಿ ಒಬ್ಬ ನರ್ಸ್ ಇದ್ದರು. ಕಾಲಿಗೆ ಪಟ್ಟಿ ಕಟ್ಟಿ, ನೋವಿಗೆ ಮಾತ್ರೆ ಕೊಟ್ಟು, ಜಾರುಗಾಡಿಯಲ್ಲಿ ಮಲಗಿಸಿದ ಮೇಲೆ ಇವರೇ ಕೆಳಗೆ ಎಳೆದು ತಂದರಂತೆ.

ಆ ಇಳಿಜಾರಿನ ಮೇಲೆಯೇ ಬಂದಿರಾ ಎಂದು ಕೇಳಿದೆ.

"ಬೇರೆ ದಾರಿ ಎಲ್ಲಿದೆ," ಎಂದರು. "ದಾಟಿ ಆ ಕಡೆಯ ರಸ್ತೆಗೆ ಇಳಿದ ಮೇಲೆ ಗಾಡಿ ನಿಲ್ಲಿಸಿ, ಹೇಗಿದ್ದಾಳೆ ಅಂತ ತಿರುಗಿ ನೋಡಿದೆ. ನಿದ್ದೆ ಮಾಡ್ತಿದ್ಲು."